ಹಾಲಿನ ಸಾಲಿನಲ್ಲಿ ಓದಬೇಕಾಗಿದ್ದ ಕಾಗದ

ಆಂಜಿಯ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ನಮ್ಮೂರ ಶಾಲೆಯ ಹೆಡ್ಮಾಸ್ಟರು ಶಿವಶಂಕರ್ ಮೂರು ಸಲ ಮನೆಗೆ ಬಂದು ಹೋದರು. ಶಾಲೆಯ ವತಿಯಿಂದ ಒಂದು ಪುಸ್ತಕ ತರುತ್ತಾರಂತೆ. 'ವೀರಯೋಧನ ಬಾಲ್ಯ' ಎಂಬ ತಲೆಬರಹವನ್ನು ಅವರೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. "ಚಿಕ್ಕಂದಿನಿಂದ್ಲೇ ದೇಶಭಕ್ತಿ ಇತ್ತು, ಒಂದು ದಿನಾನೂ ಸುಳ್ಳು ಹೇಳಿದವನಲ್ಲ, ಹಂಗೆ ಬರೀರಿ ಸುಬ್ಬರಾಯಪ್ಪನೋರೆ" ಎಂದು ಹೇಳಿಕೊಟ್ಟರು. ನಾನು ಮೂವತ್ತೊಂದು ವರ್ಷದಿಂದ ಈ ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಯಾರ ಮನೆಯ ಹಾಲು ಎಷ್ಟು ಗಟ್ಟಿ ಎಂದು ಬಲ್ಲವನು. ನನಗೆ ಹೇಳಿಕೊಡುವವರನ್ನು ಕಂಡರೆ ಮೈ ಉರಿಯುತ್ತದೆ.

ಆಂಜಿ ಒಂದು ಸುಳ್ಳನ್ನು ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಅದನ್ನು ಬಿಟ್ಟು ಬರೆದರೆ ಅವನ ವಿಷಯ ಬರೆದಂತಾಗುವುದಿಲ್ಲ. ಅವನ ತಾಯಿ ಚಿಕ್ಕಗಂಗಮ್ಮನನ್ನು ಕೇಳಿದೆ. "ಇದ್ದದ್ದು ಇದ್ದಂಗೆ ಬರಿಯಣ್ಣ" ಅಂದಳು. ಬರೆಯುತ್ತಿದ್ದೇನೆ. ಹೆಡ್ಮಾಸ್ಟರು ಅಚ್ಚು ಹಾಕಿಸಿದರೆ ಹಾಕಿಸಲಿ, ಬಿಟ್ಟರೆ ಬಿಡಲಿ.

ನಮ್ಮೂರು ಕ್ಯಾಲನೂರಿನಿಂದ ಎರಡು ಮೈಲಿ ಒಳಗೆ. ನೂರಿಪ್ಪತ್ತು ಮನೆ, ಮುನ್ನೂರು ಹಸು. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಆಂಜಿಯ ಅಪ್ಪ ಕದಿರೇಶ್ ನಂಗಲಿಯಲ್ಲಿ ಲಾರಿಗಳಿಗೆ ಲೋಡು ಮಾಡುತ್ತಿದ್ದ. ಹುಡುಗ ಎರಡನೇ ಕ್ಲಾಸಿನಲ್ಲಿದ್ದಾಗ ಹೈವೇ ದಾಟುವಾಗ ಲಾರಿ ಬಡಿದು ಸತ್ತ. ಆಮೇಲೆ ಆ ಮನೆಯಲ್ಲಿ ಉಳಿದದ್ದು ತಾಯಿ, ಮಗ, ಎರಡು ಹಸು. ಚಿಕ್ಕಗಂಗಮ್ಮ ಯಾರ ಮುಂದೆಯೂ ಕಣ್ಣೀರು ಹಾಕಿದವಳಲ್ಲ, ಕೈ ಚಾಚಿದವಳಲ್ಲ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅವಳ ಮನೆಯ ಕ್ಯಾನು ಡೈರಿಯ ಸಾಲಿನಲ್ಲಿ ಇರುತ್ತಿತ್ತು. ಸಂಜೆಯದನ್ನು ಆಂಜಿ ತರುತ್ತಿದ್ದ.

ಆಗಿನ್ನೂ ಹಾಲು ಪರೀಕ್ಷೆಯ ಮಿಷನ್ ಬಂದಿರಲಿಲ್ಲ. ಹಾಲನ್ನು ಉದ್ದನೆಯ ಪಾತ್ರೆಗೆ ಸುರಿದು ಲ್ಯಾಕ್ಟೋಮೀಟರ್ ಬಿಡುವುದು. ನಮ್ಮ ಹೆಂಗಸರು ಅದನ್ನು ಗಾಜಿನ ಕಡ್ಡಿ ಅನ್ನುತ್ತಾರೆ. ಒಳ್ಳೆಯ ಹಾಲಿನಲ್ಲಿ ಕಡ್ಡಿ ಇಪ್ಪತ್ತೆಂಟರ ಗೆರೆಯ ಹತ್ತಿರ ತೇಲಿ ನಿಲ್ಲುತ್ತದೆ. ನೀರು ಸೇರಿದ್ದರೆ ಮುಳುಗುತ್ತದೆ. ಅದರ ಹತ್ತಿರ ಯಾರ ವಶೀಲಿಯೂ ನಡೆಯುವುದಿಲ್ಲ.

ಆಂಜಿ ಎಂಟನೇ ಕ್ಲಾಸಿನಲ್ಲಿದ್ದ ವರ್ಷ, ಬೇಸಿಗೆಯ ಒಂದು ಸಂಜೆ, ಅವನು ತಂದ ಹಾಲಿಗೆ ಕಡ್ಡಿ ಬಿಟ್ಟೆ. ಹದಿನೈದಕ್ಕೆ ಇಳಿಯಿತು. ತೆಗೆದು ಒರೆಸಿ ಮತ್ತೆ ಬಿಟ್ಟೆ. ಮತ್ತೆ ಹದಿನೈದು. ಅರ್ಧಕ್ಕರ್ಧ ನೀರು.

"ಏನ್ಲಾ ಇದು?" ಅಂದೆ.

ಹುಡುಗ ನೆಲ ನೋಡಿಕೊಂಡು ನಿಂತ. ಸಾಲಿನಲ್ಲಿ ಮೂವತ್ತು ಜನ. ಯಾರೋ ಓಡಿಹೋಗಿ ಅವನ ತಾಯಿಯನ್ನು ಕರೆತಂದರು. ಕೈಗೆ ಹತ್ತಿದ ಸಗಣಿಯನ್ನೂ ತೊಳೆಯದೆ ಬಂದಳು. ಕಡ್ಡಿ ನೋಡಿದಳು. ಮಗನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ನಾನೇ ಬೆರೆಸಿದ್ದು" ಅಂದಳು.

ಸಾಲಿನಲ್ಲಿ ಪೆದ್ದಪ್ಪ ಇದ್ದ. ಅವನ ನಾಲಿಗೆಗೆ ಮೂಳೆ ಇಲ್ಲ. "ಏಂ ಗಂಗಮ್ಮಾ, ಆವು ಪಾಲಿಚ್ಚಿಂದಾ, ಬೋರು ಪಾಲಿಚ್ಚಿಂದಾ?" ಅಂದ. ಹಾಲು ಕೊಟ್ಟದ್ದು ಹಸುವೋ ಬೋರ್‌ವೆಲ್ಲೋ ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಅಂದಿನಿಂದ ಆಕೆಗೆ ನೀಳ್ಳ ಗಂಗಮ್ಮ ಎಂಬ ಹೆಸರು ಅಂಟಿಕೊಂಡಿತು. ನೀರಿನ ಗಂಗಮ್ಮ.

ಡೈರಿಯ ನಿಯಮದಂತೆ ಹದಿನೈದು ದಿನ ಅವಳ ಹಾಲು ತೆಗೆದುಕೊಳ್ಳಲಿಲ್ಲ. ಬಾಗಿಲ ಪಕ್ಕದ ಕರಿ ಹಲಗೆಯ ಮೇಲೆ ಹೆಸರು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಅಂದು ಇನ್ನೂ ದಪ್ಪಗೆ ಬರೆದಿದ್ದೆ.

ಇಲ್ಲಿ ನನ್ನದೊಂದು ಮಾತಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಹದಿನಾರನೆಯ ದಿನ ಸಂಜೆ ಚಿಕ್ಕಗಂಗಮ್ಮ ಆಂಜಿಯ ಕೈಯಲ್ಲೇ ಕ್ಯಾನು ಕೊಟ್ಟು ಜೊತೆಗೆ ತಾನೂ ಬಂದಳು. ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ನಾನು ಹಾಲು ಸುರಿದುಕೊಂಡು, ಮುಂದಿನವರು ಬನ್ನಿ ಎಂದೆ. ಅವಳು ಕದಲಲಿಲ್ಲ. "ಕಡ್ಡಿ ಹಾಕಿ ನೋಡಣ್ಣ. ಎಲ್ರೂ ನೋಡ್ಲಿ" ಅಂದಳು. ಹಾಕಿದೆ. ಇಪ್ಪತ್ತೊಂಬತ್ತು. ತಲೆಯಾಡಿಸಿ ಹೋದಳು. ಮರುದಿನವೂ ಹಾಗೇ. ಅದರ ಮರುದಿನವೂ. ಬೇರೆಯವರ ಹಾಲನ್ನು ನಾನು ವಾರಕ್ಕೊಮ್ಮೆ ನೋಡಿದರೆ ಹೆಚ್ಚು, ಅವಳದನ್ನು ದಿನಕ್ಕೆ ಎರಡು ಸಲ ನೋಡಬೇಕು. ನೋಡುವವರೆಗೆ ಅಲ್ಲಿಂದ ಜರುಗುತ್ತಿರಲಿಲ್ಲ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ರೂಢಿಯಾಯಿತು. ಮುಂದೆ ಮಿಷನ್ ಬಂತು. ಮೇಘನ ಎಂಬ ಡಿಗ್ರಿ ಓದಿದ ಹುಡುಗಿ ಗುಂಡಿ ಒತ್ತಿದರೆ ಫ್ಯಾಟು, ನೀರು ಎಲ್ಲ ಚೀಟಿಯಲ್ಲಿ ಬರುತ್ತದೆ. ಆಗಲೂ ಗಾಜಿನ ಕಡ್ಡಿಯನ್ನು ಕಿಟಕಿಯಲ್ಲಿ ಅವಳೊಬ್ಬಳಿಗಾಗಿ ಇಟ್ಟುಕೊಂಡಿದ್ದೆ.

ಆಂಜಿ ಆ ಬೇಸಿಗೆಯಿಂದ ಕ್ರಿಕೆಟ್ ಬಿಟ್ಟ. ಸಾಲಿನಲ್ಲಿ ತಾಯಿಯ ಪಕ್ಕದಲ್ಲಿ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಮಾತು ಕಡಿಮೆಯಾಯಿತು. ಕೆರೆ ಕಟ್ಟೆಯ ಮೇಲೆ ಓಡಲು ಶುರು ಮಾಡಿದ. ಪಿಯುಸಿ ಮುಗಿಸಿ ಒಂದು ವರ್ಷ ಮಾಲೂರಿನಲ್ಲಿ ಇಟ್ಟಿಗೆ ಹೊತ್ತ. ಕೋಲಾರದಲ್ಲಿ ಮಿಲಿಟರಿಯವರು ಆಯ್ಕೆ ನಡೆಸಿದಾಗ ಮೊದಲ ಓಟದಲ್ಲೇ ಗೆದ್ದ. ದೇಶಭಕ್ತಿ ಇತ್ತೋ ಇಲ್ಲವೋ ನಾನು ಅಳೆದು ನೋಡಿಲ್ಲ. ಹುಡುಗನಿಗೆ ಊರಿನಿಂದ ದೂರ ಹೋಗಬೇಕಾಗಿತ್ತು ಎಂದು ಮಾತ್ರ ಬಲ್ಲೆ. ಹೊರಟ ದಿನ ಚಿಕ್ಕಗಂಗಮ್ಮ ಹುರಿಹಿಟ್ಟು ಕಟ್ಟಿಕೊಟ್ಟು, ಬಸ್ಸು ಹೊರಟ ಮೇಲೆ ಕ್ಯಾನು ಹಿಡಿದು ಡೈರಿಗೆ ಬಂದಳು. "ಕಡ್ಡಿ ಹಾಕಿ ನೋಡಣ್ಣ" ಅಂದಳು.

ತರಬೇತಿಯ ತಿಂಗಳುಗಳಲ್ಲಿ ಫೋನು ಕೊಡುತ್ತಿರಲಿಲ್ಲ. ಕಾಗದ ಬರೆಯುತ್ತಿದ್ದ. ನಮ್ಮೂರಿನ ಟಪಾಲು ತರುವ ಕೋದಂಡರಾಮಪ್ಪನೂ ಡೈರಿಗೆ ಹಾಲು ಹಾಕುವವನೇ. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಕಾಗದಗಳ ಚೀಲ. ಊರೆಲ್ಲ ಸಾಲಿನಲ್ಲಿ ಸಿಗುವಾಗ ಮನೆಮನೆ ಏಕೆ ತಿರುಗಲಿ ಎಂದು ಅಲ್ಲೇ ಹಂಚುತ್ತಾನೆ. ಓದು ಬಾರದವರ ಕಾಗದವನ್ನು ನಾನು ಅಲ್ಲೇ ಗಟ್ಟಿಯಾಗಿ ಓದುತ್ತೇನೆ. ಚಿಕ್ಕಗಂಗಮ್ಮನಿಗೆ ಓದು ಬಾರದು. ಆಂಜಿಗೆ ಇದೆಲ್ಲ ಗೊತ್ತಿದ್ದುದರಿಂದ ತನ್ನದು ಎಂಬ ಒಂದು ಮಾತನ್ನೂ ಬರೆಯುತ್ತಿರಲಿಲ್ಲ. ಪೆದ್ದಪ್ಪ ತಾತನ ಮೊಣಕಾಲು ಹೇಗಿದೆ, ಕೋದಂಡರಾಮಪ್ಪನ ಹಸು ಈಯಿತಾ, ಹೀಗೆ ಸಾಲಿನಲ್ಲಿದ್ದ ಒಬ್ಬೊಬ್ಬರನ್ನೂ ಕೇಳುತ್ತಿದ್ದ. ತಮ್ಮ ಹೆಸರು ಬರುವವರೆಗೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಫೋನು ಸಿಕ್ಕ ಮೇಲೆ ಕಾಗದ ನಿಂತಿತು. ರಜೆಯಲ್ಲಿ ಬಂದಾಗ ಎಲ್ಲರೂ ಅವನನ್ನು ಡೈರಿಯ ಜಗುಲಿಯ ಮೇಲೆ ಕೂರಿಸಿ ಟೀ ತರಿಸುತ್ತಿದ್ದರು. ಅವನು ಲೋಟ ಹಿಡಿದುಕೊಂಡು ಆ ಕರಿ ಹಲಗೆಯನ್ನೇ ನೋಡುತ್ತಿದ್ದ. ಅದರ ಮೇಲೆ ಆಗ ಹಿಂಡಿಯ ಮೂಟೆ ಬಂದಿದೆ ಎಂಬಂಥದೇನೋ ಬರೆದಿರುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಗಡಿಯ ಕಡೆ ಗಲಾಟೆ ಶುರುವಾಯಿತು. ಟಿವಿಯಲ್ಲಿ ಕೂತವರು ಇಲ್ಲಿಂದಲೇ ಯುದ್ಧ ಮಾಡಿ ಮುಗಿಸುವವರ ಹಾಗೆ ಕೂಗುತ್ತಿದ್ದರು. ಒಂದು ಸಂಜೆ ಆಂಜಿ ತಾಯಿಗೆ ಫೋನ್ ಮಾಡಿ, "ಇನ್ನ ಸ್ವಲ್ಪ ದಿನ ಫೋನ್ ಇರಲ್ಲಮ್ಮ, ಗಾಬರಿ ಆಗ್ಬೇಡ" ಎಂದಷ್ಟೇ ಹೇಳಿದ. ಒಂಬತ್ತು ದಿನ ಏನೂ ಸುದ್ದಿಯಿಲ್ಲ. ಹತ್ತನೆಯ ಸಂಜೆ ಕೋದಂಡರಾಮಪ್ಪ ಸಾಲಿಗೆ ಬರುವಾಗಲೇ ಕೈಯೆತ್ತಿ ಕೂಗಿದ. "ಗಂಗಮ್ಮಾ, ಆಂಜಿ ಕಾಗ್ದ!"

ಸಾಲು ಮುರಿದು ಎಲ್ಲರೂ ಸುತ್ತ ನೆರೆದರು. ಮೇಘನ ಮಿಷನ್ ನಿಲ್ಲಿಸಿದಳು. ನಾನು ಹಳೆಯ ರೂಢಿಯಂತೆ ಹಲಗೆಯ ಪಕ್ಕ ನಿಂತು ಒಡೆದು ಓದಲು ಶುರು ಮಾಡಿದೆ.

"ಅಮ್ಮಾ, ಈ ಸಲ ಊರಿನವರ ಹೆಸರು ಒಂದೊಂದಾಗಿ ಬರೆಯಲು ಹೊತ್ತಿಲ್ಲ. ಎಲ್ಲರನ್ನೂ ಕೇಳಿದೆ ಅಂತ ಹೇಳು. ಬೆಳಗಾದರೆ ಮುಂದಕ್ಕೆ ಹೋಗಬೇಕು. ಎಲ್ಲಿಗೆ ಅಂತ ಬರೆಯುವ ಹಾಗಿಲ್ಲ. ಫೋನುಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಮನೆಗೆ ಬರೆಯುವವರು ಬರೆಯಿರಿ ಎಂದು ಹಾಳೆ ಕೊಟ್ಟರು. ನನ್ನ ಪಕ್ಕದವನಿಗೆ ಇನ್ನೂ ಮುಖ ನೋಡದ ಮಗು ಇದೆ, ಅವನು ಅದಕ್ಕೇ ಬರೆಯುತ್ತಿದ್ದಾನೆ. ನಾನು ತುಂಬಾ ಹೊತ್ತು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ದಿನಾ ಫೋನಿನಲ್ಲಿ ಎಲ್ಲ ಹೇಳಿದ್ದೇನಲ್ಲ, ಹೇಳದೆ ಉಳಿದದ್ದು ಏನಿದೆ ಎಂದು ಯೋಚಿಸಿದೆ. ಒಂದೇ ಒಂದು ಇದೆ."

ಅಷ್ಟರಲ್ಲಿ ನನ್ನ ಕಣ್ಣು ಮುಂದಿನ ಸಾಲಿಗೆ ಹೋಗಿತ್ತು. ಕಾಗದ ಮಡಿಸಿದೆ.

"ಆಮೇಲೆ?" ಅಂದ ಪೆದ್ದಪ್ಪ.

"ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀನಿ. ನಾಳೆ ಓದ್ತೀನಿ" ಅಂದೆ.

ಕನ್ನಡಕ ಮೂಗಿನ ಮೇಲೆಯೇ ಇತ್ತು. ಎಲ್ಲರೂ ನೋಡಿದರು. ಚಿಕ್ಕಗಂಗಮ್ಮ ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಕಡ್ಡಿ ಹಾಕಿ ನೋಡಣ್ಣ" ಅಂದಳು. ಹಾಕಿದೆ.

ಮರುದಿನ ಬೆಳಿಗ್ಗೆ ಹಾಲಿನ ಕೆಲಸ ಮುಗಿಸಿ ಅವಳ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಕರಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. "ಇಲ್ಲೇ ಓದಣ್ಣ" ಎಂದು ಬೋರಲು ಹಾಕಿದ ಬಕೆಟ್ಟಿನ ಮೇಲೆ ನನ್ನನ್ನು ಕೂರಿಸಿ ತಾನು ಕಂಬಕ್ಕೆ ಒರಗಿ ನಿಂತಳು. ಉಳಿದದ್ದನ್ನು ಓದಿದೆ.

"ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಹಾಲು ವಾಪಸ್ ಬಂತಲ್ಲ, ಆ ನೀರು ಹಾಕಿದ್ದು ನಾನು. ಡೈರಿಗೆ ಹೋಗುವ ದಾರಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಸ್ಟಂಪಿಗೆ ಏನೂ ಇರಲಿಲ್ಲ. ನಮ್ಮ ಕ್ಯಾನನ್ನೇ ಇಟ್ಟೆವು. ಒಂದೇ ಓವರ್ ಅಂದುಕೊಂಡೆ. ಚೆಂಡು ಬಡಿದು ಕ್ಯಾನು ಉರುಳಿ ಅರ್ಧ ಹಾಲು ಮಣ್ಣಿಗೆ ಹೋಯಿತು. ಹೆದರಿ ಮಿನಿ ಟ್ಯಾಂಕಿನ ನಲ್ಲಿಗೆ ಹಿಡಿದು ಕಂಠದವರೆಗೆ ತುಂಬಿದೆ. ಹೇಳಬೇಕು ಅಂತಲೇ ಇದ್ದೆ. ನೀನು ಬಂದು ನಾನೇ ಬೆರೆಸಿದ್ದು ಅಂದೆ. ಆಮೇಲೆ ನನಗೆ ಬಾಯಿ ಬರಲಿಲ್ಲ.

"ದಿನಾ ನೀನು ಕಡ್ಡಿ ಹಾಕಿಸಿ ನಿಲ್ಲುತ್ತಿದ್ದೆ. ನೀನು ಕಡ್ಡಿ ನೋಡುತ್ತಿದ್ದೆ, ನಾನು ನಿನ್ನ ಮುಖ ನೋಡುತ್ತಿದ್ದೆ. ನನ್ನ ತಪ್ಪಿಗೆ ನಿನ್ನನ್ನು ದಿನಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತಾರಲ್ಲ ಅನಿಸುತ್ತಿತ್ತು. ಅದನ್ನು ನೋಡಲಾರದೆ ಊರು ಬಿಟ್ಟೆ. ಇಲ್ಲಿಗೆ ಬಂದ ಮೇಲೂ ಸಂಜೆ ಆರಾದರೆ ನೀನು ಅಲ್ಲಿ ನಿಂತಿರುವುದು ಕಾಣುತ್ತದೆ.

"ನೀನು ಹಾಗೇಕೆ ಅಂದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹಾಕಿದ್ದು ಅಂತ ನಿನಗೆ ಗೊತ್ತಿತ್ತಾ? ಒಂದು ದಿನವೂ ಕೇಳಲಿಲ್ಲ. ಇದಕ್ಕೆ ಉತ್ತರ ಬರೆಸು.

"ನಾಳೆಗೆ ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಇದೆ. ಇದನ್ನು ಹೇಳದೆಯೇ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ಜಾಸ್ತಿ ಇದೆ. ಸುಬ್ಬರಾಯಪ್ಪ ಮಾಮ, ಈ ಕಾಗದವನ್ನು ಸಂಜೆ ಹಾಲಿನ ಸಾಲಿನಲ್ಲಿ ಎಲ್ಲರೂ ಇರುವಾಗ ಓದಿ. ಒಂದಕ್ಷರವನ್ನೂ ಬಿಡಬೇಡಿ. ನಮ್ಮಮ್ಮನ ಹೆಸರು ಬರೆದಿದ್ದಿರಲ್ಲ, ಆ ಹಲಗೆಯ ಹತ್ತಿರವೇ ನಿಂತು ಓದಿ. ಅಮ್ಮಾ, ಓದಿದ ಮೇಲೆ ನೀನು ಇನ್ನು ಆ ಕಡ್ಡಿಗೆ ಕಾಯಬೇಡ. ಹಾಲು ಹಾಕಿ ಮನೆಗೆ ಹೋಗು. ನಿನ್ನ ಮಗ, ಆಂಜಿ."

ಚಿಕ್ಕಗಂಗಮ್ಮ ಕಂಬ ಬಿಟ್ಟು ಬಂದು ಹಸುವಿನ ಮುಂದಕ್ಕೆ ಇನ್ನಷ್ಟು ಹುಲ್ಲು ತಳ್ಳಿದಳು.

"ನಂಗೊತ್ತಿತ್ತಣ್ಣ" ಅಂದಳು ಆಮೇಲೆ. "ಅವತ್ತು ಸಂಜೆ ನೋಡಿದ ತಕ್ಷಣ ಗೊತ್ತಾಯ್ತು. ಮೊಣಕಾಲ್ ಮೇಲೆ ಹಾಲು ಚೆಲ್ಲಿ ಒಣಗಿತ್ತು. ಕ್ಯಾನಿಗೆಲ್ಲ ಮಣ್ಣು."

"ಮತ್ತೆ ಹನ್ನೊಂದು ವರ್ಷ ಯಾಕಮ್ಮ ಸುಮ್ನಿದ್ದೆ?"

"ಅವ್ನಾಗಿ ಹೇಳ್ಲಿ ಅಂತ ಕಾಯ್ತಿದ್ದೆ. ನಾನೇ ಕೇಳಿದ್ರೆ ಬಾಯಿಂದ ಕಿತ್ಕೊಂಡಂಗಾಗ್ತಿತ್ತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಕಡ್ಡಿ ಹಾಕಿಸ್ತಿದ್ದಿದ್ದು ನಮ್ಮ ಮನೆ ಮರ್ಯಾದೆಗೆ. ಅದು ದಿನಾ ಅವ್ನಿಗೆ ಹೊಡೆದಂಗಾಗ್ತಿತ್ತಾ ಅಣ್ಣಾ? ನಾನು ಹಂಗಂದ್ಕೊಂಡೇ ಇರ್ಲಿಲ್ಲ."

ಆ ತಾಯಿ ಅತ್ತದ್ದನ್ನು ನಾನು ಮೊದಲು ಕಂಡದ್ದು ಆಗಲೇ. ಗಂಡ ಸತ್ತಾಗಲೂ ಕಂಡಿರಲಿಲ್ಲ.

ಸಂಜೆ ಸಾಲಿನಲ್ಲಿ ಓದುತ್ತೇನೆ ಅಂದೆ. ಬೇಡ ಅಂದಳು. "ಮಗ ಗುಂಡಿನ ಬಾಯಲ್ಲಿದ್ದಾನೆ. ಈಗ ಇದನ್ನ ಓದಿದ್ರೆ ಊರೋರು ಅವ್ನ ಬಗ್ಗೆ ಆಡ್ಕೊಂತಾರೆ. ಬರ್ಲಿ. ಬಂದು ಅವ್ನೇ ನಿಂತ್ಕೊಂಡು ಹೇಳ್ಲಿ. ಈಗ್ಲೇ ಓದಿದ್ರೆ ಅವ್ನು ಬರಲ್ಲ ಅಂದ್ಕೊಂಡಂಗಾಗ್ತದೆ."

ನನಗೆ ಸಮಾಧಾನವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಕಾಗದ ಓದಿದರೆ ನಾನು ಮುಚ್ಚಿಟ್ಟದ್ದನ್ನೂ ಹೇಳಬೇಕಾಗುತ್ತಿತ್ತು.

ಉತ್ತರವನ್ನು ಅಲ್ಲೇ ಬರೆಸಿದಳು. ಅವಳು ಹೇಳಿದ ಹಾಗೇ ಬರೆದೆ, ತಿದ್ದಲಿಲ್ಲ. ಆ ದಿನವೇ ಕ್ಯಾಲನೂರಿಗೆ ಹೋಗಿ ಅಂಚೆಗೆ ಹಾಕಿದೆ. ಸಂಜೆ ಸಾಲಿನಲ್ಲಿ ಕೇಳಿದವರಿಗೆ, ಮನೆಯ ವಿಷಯ, ಗಂಗಮ್ಮನಿಗೆ ಓದಿ ಹೇಳಿದ್ದೇನೆ ಎಂದೆ. ಅವಳು ಎಂದಿನಂತೆ ಕಡ್ಡಿ ಹಾಕಿಸಿದಳು. ಆದರೆ ಈಗ ಕಡ್ಡಿಯ ಕಡೆ ನೋಡುತ್ತಿರಲಿಲ್ಲ. ದಾರಿಯ ಕಡೆ ನೋಡುತ್ತಿದ್ದಳು.

ಐದನೆಯ ದಿನ ಮಧ್ಯಾಹ್ನ ಸುದ್ದಿ ಬಂತು.

ಅದನ್ನು ಉದ್ದ ಬರೆಯಲು ನನ್ನಿಂದಾಗದು. ಪೆಟ್ಟಿಗೆ ಬಂತು. ಕೋಲಾರದಿಂದ ನಮ್ಮೂರಿನವರೆಗೆ ಫ್ಲೆಕ್ಸುಗಳು. ಅವುಗಳಲ್ಲಿ ಆಂಜಿಯ ಫೋಟೋ ಅಂಗೈಯಷ್ಟು, ಹಾಕಿಸಿದವರ ಫೋಟೋ ಆಳೆತ್ತರ. ಅವನ ಹೆಸರು ಕೇಳಿಯೇ ಇರದವರು ಮೈಕು ಹಿಡಿದು ಅವನನ್ನು ಹೊಗಳಿದರು. ಚಿಕ್ಕಗಂಗಮ್ಮನ ತುಂಡು ಹೊಲದಲ್ಲೇ ಮಣ್ಣು ಮಾಡಿದೆವು. ಸಿಪಾಯಿಗಳು ಮೂರು ಸಲ ಗುಂಡು ಹಾರಿಸಿದಾಗ ಊರಿನ ಹಸುಗಳೆಲ್ಲ ಹೆದರಿ ಹಗ್ಗ ಜಗ್ಗಿ ಕೂಗಿದವು. ಅಂದು ಸಂಜೆ ಡೈರಿಗೆ ಅರ್ಧ ಹಾಲೂ ಬರಲಿಲ್ಲ. ಹಸುಗಳು ಸೊರೆ ಬಿಡಲಿಲ್ಲ ಎಂದು ಎಲ್ಲರೂ ಹೇಳಿದರು.

ಮೂರನೆಯ ದಿನ ಹಾಲುತುಪ್ಪ. ಗುಂಡಿಯ ಮೇಲೆ ಸತ್ತವರಿಗೆ ಹಾಲು ಬಿಡುವುದು ನಮ್ಮ ಕಡೆಯ ಪದ್ಧತಿ. ಒಂದು ಲೋಟ ಹಾಲು ಸಾಕು. ಚಿಕ್ಕಗಂಗಮ್ಮ ಡೈರಿಗೆ ತರುತ್ತಿದ್ದ ಕ್ಯಾನನ್ನೇ ತಂದಿದ್ದಳು, ತುಂಬ ಹಾಲು. "ಇಷ್ಟು ಯಾಕಮ್ಮ, ಒಂದು ಲೋಟ ಬಿಡು" ಎಂದ ಪೆದ್ದಪ್ಪ. ಅವಳು ಕೇಳಲಿಲ್ಲ. ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಪೂರ್ತಿ ಸುರಿದಳು. ಹೊಸ ಮಣ್ಣು ಅದನ್ನು ಕುಡಿದುಕೊಂಡಿತು. ಅಷ್ಟೊಂದು ಹಾಲನ್ನು ಏಕೆ ಮಣ್ಣಿಗೆ ಬಿಟ್ಟಳೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ತಿಳಿದದ್ದು. ನಾನು ಆ 'ಏನ್ಲಾ ಇದು' ಎಂಬ ನನ್ನ ಮಾತನ್ನು ನೆನೆದುಕೊಂಡು ಮರದ ಹಿಂದೆ ಹೋಗಿ ಅತ್ತೆ.

ಸೂತಕದ ಮನೆಯ ಹಾಲನ್ನು ನಮ್ಮಲ್ಲಿ ಡೈರಿಗೆ ಹಾಕುವುದಿಲ್ಲ. ಹಾಲುತುಪ್ಪದ್ದು ಬಿಟ್ಟರೆ ಹನ್ನೊಂದು ದಿನ ಅವಳ ಹಸುಗಳ ಹಾಲೆಲ್ಲ ಕರುಗಳಿಗೇ ಹೋಯಿತು. ಹತ್ತನೆಯ ದಿನ ಆಂಜಿಯ ಟ್ರಂಕು ಬಂತು. ಒಳಗೆ ಬಟ್ಟೆ, ಒಂದು ಟಾರ್ಚು, ಹುರಿಹಿಟ್ಟಿನ ಖಾಲಿ ಡಬ್ಬಿ. ಎಲ್ಲದರ ಮೇಲೆ ನಾನು ಬರೆದ ಉತ್ತರ. ಅಂಟು ಹಾಕಿದ್ದು ಹಾಗೇ ಇತ್ತು.

"ಒಡೆದೈತಾ ಅಣ್ಣಾ?" ಅಂದಳು ಆಕೆ.

"ಇಲ್ಲಮ್ಮ."

ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ಗಂಟಿನಲ್ಲಿ ಸಿಕ್ಕಿಸಿಕೊಂಡಳು. ಆ ಹುಡುಗ ಒಂದೇ ಒಂದು ಪ್ರಶ್ನೆ ಕೇಳಿದ್ದ. ಅದಕ್ಕೆ ಉತ್ತರ ಅವನಿಗೆ ತಲುಪಲಿಲ್ಲ. ಹನ್ನೊಂದು ವರ್ಷದಲ್ಲಿ ಯಾವ ಸಂಜೆ ಬೇಕಾದರೂ ನಾನು ಅವನ ಹೆಗಲ ಮೇಲೆ ಕೈ ಹಾಕಿ, ನನಗೆ ಗೊತ್ತು ಕಣೋ, ನಿಮ್ಮಮ್ಮನಿಗೂ ಗೊತ್ತಿರಬೇಕು ಎನ್ನಬಹುದಾಗಿತ್ತು. ಅನ್ನಲಿಲ್ಲ. ಇದನ್ನು ನಾನು ಸಾಯುವವರೆಗೆ ಹೊರಬೇಕು.

ತಿಥಿ ಮುಗಿದ ಮರುದಿನ ಸಂಜೆ ಚಿಕ್ಕಗಂಗಮ್ಮ ಕ್ಯಾನು ಹಿಡಿದು ಬಂದಳು. ಎಲ್ಲರೂ ದಾರಿ ಬಿಟ್ಟರು. ಆಕೆ ಮುಂದೆ ಹೋಗಲಿಲ್ಲ. ಸಾಲಿನ ಕೊನೆಯಲ್ಲಿ ನಿಂತಳು. ಸರದಿ ಬಂದಾಗ ಕ್ಯಾನನ್ನು ಕಟ್ಟೆಯ ಮೇಲಿಟ್ಟು, "ಈಗ ಓದಣ್ಣ" ಅಂದಳು.

ಯಾರೂ ಮನೆಗೆ ಹೋಗಿರಲಿಲ್ಲ. ಹಲಗೆಯ ಪಕ್ಕ ನಿಂತು ಓದಿದೆ. ಮೊದಲಿನಿಂದ ಕೊನೆಯವರೆಗೆ, ಒಂದಕ್ಷರವನ್ನೂ ಬಿಡದೆ. ನಡುವೆ ಎರಡು ಸಲ ನಿಂತೆ. ಕ್ರಿಕೆಟ್ಟಿನ ಮಾತು ಬಂದಾಗ ಸಾಲಿನಲ್ಲಿದ್ದ ಒಬ್ಬ, ಆಂಜಿಯ ಓರಗೆಯವನು, ಮುಖ ಮುಚ್ಚಿಕೊಂಡು ಅಲ್ಲೇ ಕುಳಿತ. ಚೆಂಡು ಎಸೆದವನು ಅವನೇ ಇರಬೇಕು, ನಾನು ಕೇಳಲಿಲ್ಲ.

ಓದಿ ಮುಗಿಸಿದ ಮೇಲೆ ಆಕೆ ಸೆರಗಿನಿಂದ ಆ ಒಡೆಯದ ಕಾಗದ ತೆಗೆದು ಕೊಟ್ಟಳು. "ಇದನ್ನೂ ಓದು." ಒಡೆದೆ. ನನ್ನದೇ ಕೈಬರಹ.

"ಆಂಜಿ, ನಂಗೆ ಗೊತ್ತಿತ್ತು ಕಣೋ. ಅವತ್ತೇ ಗೊತ್ತಿತ್ತು. ಆ ಹೆಸರು ಹೊತ್ಕೊಂಡು ಓಡಾಡೋಕೆ ನಿಂಗಿನ್ನೂ ವಯಸ್ಸಾಗಿರ್ಲಿಲ್ಲ, ನಂಗಾಗಿತ್ತು. ಅದಕ್ಕೇ ಹಂಗಂದೆ. ಅದನ್ನ ಮನಸ್ಸಿಗೆ ಹಚ್ಕೋಬೇಡ. ಕರಿ ಹಸು ಗಬ್ಬ ಆಗಿದೆ. ಹುಷಾರಾಗಿ ಬಾ."

ಪೆದ್ದಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಬಾಯಿಗೆ ಒತ್ತಿಕೊಂಡಿದ್ದ. ಅವನಿಗೆ ಮೊಣಕಾಲು ನೋವು, ನೆಲಕ್ಕೆ ಬಗ್ಗಲಾರ. ಆದರೂ ಬಗ್ಗಲು ಹೋದ. ಆಕೆ ಕೈ ಹಿಡಿದು ನಿಲ್ಲಿಸಿದಳು.

ಆಮೇಲೆ ನನ್ನ ಸರದಿ. ಕಾಗದದಲ್ಲಿ ಇಲ್ಲದ್ದನ್ನು ನಾನು ಹೇಳಬೇಕಾಗಿತ್ತು, ಹೇಳಿದೆ. "ಅವತ್ತು ಹುಡುಗನ ಮೊಣಕಾಲಿನ ಮೇಲೆ ಹಾಲು ಇದ್ದಿದ್ದನ್ನ ನಾನೂ ನೋಡಿದ್ದೆ. ಕ್ಯಾನಿನ ಮಣ್ಣನ್ನೂ ನೋಡಿದ್ದೆ. ನಮ್ಮ ಡೈರಿ ಹಾಲು ತೆಳ್ಳಗೆ ಬರ್ತಿದೆ ಅಂತ ಮೇಲಿನವರು ಆ ತಿಂಗಳು ಎರಡು ಸಲ ಬೈದಿದ್ರು. ನಂಗೆ ಹಲಗೆ ಮೇಲೆ ಬರೆಯೋಕೆ ಒಂದು ಹೆಸರು ಬೇಕಾಗಿತ್ತು. ಈಯಮ್ಮ ತಾನಾಗಿ ಕೊಟ್ಟಳು. ಬರೆದೆ." ನನ್ನ ದನಿ ಹೊರಗೆ ಬಂತೋ ಇಲ್ಲವೋ ಗೊತ್ತಿಲ್ಲ. ಎಲ್ಲರೂ ಕೇಳಿಸಿಕೊಂಡರು ಎಂದು ಮೇಘನ ಆಮೇಲೆ ಹೇಳಿದಳು.

ಚಿಕ್ಕಗಂಗಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎರಡೂ ಕಾಗದ ನನ್ನ ಹತ್ತಿರವೇ ಇರಲಿ ಎಂದು ಕೈ ಸನ್ನೆ ಮಾಡಿದಳು. ಕ್ಯಾನಿನ ಮುಚ್ಚಳ ತೆಗೆದು ಹಾಲು ಸುರಿದಳು. ನಾನು ರೂಢಿಯಂತೆ ಕಿಟಕಿಗೆ ಕೈ ಹಾಕಿ ಗಾಜಿನ ಕಡ್ಡಿ ತೆಗೆದೆ. ತಿರುಗಿ ನೋಡುವಷ್ಟರಲ್ಲಿ ಆಕೆ ಖಾಲಿ ಕ್ಯಾನು ಹಿಡಿದು ಬಾಗಿಲು ದಾಟಿ ಹೋಗಿದ್ದಳು.

ಮಗ ಕಾಯಬೇಡ ಅಂದಿದ್ದ. ಕಾಯಲಿಲ್ಲ.